ಅರ್ಧ ಬೆರಳು ಸಡಿಲು

ಇದನ್ನು ನಮ್ಮಕ್ಕ ಓದುವುದಿಲ್ಲ. ಓದು ಬಾರದವಳಲ್ಲ, ಪೇಪರನ್ನು ಮೊದಲ ಪುಟದ ಸುದ್ದಿಯಿಂದ ಕೊನೆಯ ಪುಟದ ಸಾವಿನ ಜಾಹೀರಾತಿನವರೆಗೂ ಬಿಡದೆ ಜಾಲಾಡುವ ಹೆಂಗಸು. ನಾನು ಬರೆದದ್ದು ಎಂದರೆ ಮಾತ್ರ ಮುಟ್ಟುವುದಿಲ್ಲ. ಎರಡು ಸಲ ಕಾಗದ ಬರೆದು ಬಾಗಿಲ ಸಂದಿಯಿಂದ ಒಳಗೆ ತಳ್ಳಿದೆ, ಎರಡೂ ಸಲ ಅದೇ ಸಂದಿಯಿಂದ ಮಡಿಕೆ ಬಿಚ್ಚದೆ ಹೊರಗೆ ಬಂತು. ಅವಳು ಓದುವುದಿಲ್ಲ ಎಂಬ ಧೈರ್ಯದ ಮೇಲೆಯೇ ಅವಳ ಗಂಡನ ಕಥೆಗೆ ಕೈ ಹಾಕಿದ್ದೇನೆ.

ನಮ್ಮ ಭಾವನನ್ನು ಊರೆಲ್ಲ ಕರೆಯುತ್ತಿದ್ದದ್ದು ಎಡಗಾಲು ಮೇಸ್ತ್ರಿ ಎಂದು. ಬೇಡದವರನ್ನು ಎಡಗಾಲಲ್ಲಿ ಒದ್ದರು ಎನ್ನುವ ಭಾಷೆ ನಮ್ಮದು. ಅಂಥ ಎಡಗಾಲಿಗೆ ಮೂವತ್ತು ವರ್ಷ ಮರ್ಯಾದೆ ಸಂಪಾದಿಸಿಕೊಟ್ಟವರು ನಮ್ಮ ಭಾವ ಒಬ್ಬರೇ ಇರಬೇಕು. ಕಾರಿನಲ್ಲಿ ಎಡಗಾಲಿಗೆ ಇರುವುದು ಒಂದೇ ಕೆಲಸ, ಕ್ಲಚ್ಚು ತುಳಿಯುವುದು. ಭಾವ ಮಾಡುತ್ತಿದ್ದದ್ದೂ ಅದೊಂದೇ ಕೆಲಸ, ಕ್ಲಚ್ಚು ಬಿಚ್ಚುವುದು, ಕಟ್ಟುವುದು, ತುಳಿದು ನೋಡುವುದು. ಬ್ರೇಕು, ಬ್ಯಾಟರಿ ಎಂದು ಯಾರಾದರೂ ಹತ್ತಿರ ಬಂದರೆ, "ಅದೆಲ್ಲ ಆ ಕಡೆ. ಅಲ್ಲಿ ಕೈ ಇರೋರು ಇದಾರೆ, ಅವರನ್ನ ಕೇಳಿ. ನನಗಿರೋದು ಕಾಲು" ಎನ್ನುವರು. ಮಿಕ್ಕ ಮೆಕ್ಯಾನಿಕ್ಕುಗಳು ಬೈದುಕೊಳ್ಳುತ್ತಲೇ ನಗುತ್ತಿದ್ದರು.

ನಾನು ಅದೇ ಗ್ಯಾರೇಜಿನ ಮೂಲೆಯ ತಗಡಿನ ಶೆಡ್ಡಿನಲ್ಲಿ ಕಾರಿನ ಸೀಟು ಹೊಲಿಯುವವನು. ಭಾವನೇ ತಂದು ಕೂರಿಸಿದ್ದು. ನನಗೆ ಕಾರು ಓಡಿಸಲು ಬರುವುದಿಲ್ಲ, ಬರಬೇಕೆಂದು ಅನ್ನಿಸಿದ್ದೂ ಇಲ್ಲ. ಭಾವ ನನ್ನನ್ನು ಕರೆಯುವುದು 'ಸೂಜಿ' ಎಂದು. ಹೊಲಿಯುವವನಾದ್ದರಿಂದ ಮಾತ್ರವಲ್ಲ, ಚುಚ್ಚಿ ಮಾತಾಡುತ್ತೇನೆಂದು. "ನಮ್ಮ ಮನೇಲಿ ಅಕ್ಕ ದಬ್ಬಳ, ತಮ್ಮ ಸೂಜಿ, ನಾನೊಬ್ಬ ಗೋಣಿಚೀಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಕ್ಲಚ್ಚು ಎಂದರೇನೆಂದು ಅವರು ನನಗೆ ತಿಳಿಸಿದ್ದು ಹೀಗೆ. ಎಂಜಿನ್ನು ಒಂದು ತಟ್ಟೆಯನ್ನು ತಿರುಗಿಸುತ್ತದೆ. ಚಕ್ರದ ಕಡೆಯ ಇನ್ನೊಂದು ತಟ್ಟೆ ಅದಕ್ಕೆ ಒತ್ತಿಕೊಂಡು ತಾನೂ ತಿರುಗುತ್ತದೆ. ಪೆಡಲು ತುಳಿದರೆ ಎರಡೂ ಬೇರೆಯಾಗುತ್ತವೆ, ಬಿಟ್ಟರೆ ಕೂಡುತ್ತವೆ. "ಗಂಡ ಹೆಂಡ್ತಿ ಇದ್ದ ಹಾಗೆ ಕಣೋ. ಕೂಡಿದ್ರೆ ಪೂರ್ತಿ ಕೂಡಬೇಕು, ಬಿಟ್ರೆ ಪೂರ್ತಿ ಬಿಡಬೇಕು. ಅರ್ಧಂಬರ್ಧ ಉಜ್ಜಾಡ್ತಾ ಕೂತ್ರೆ ಇಬ್ಬರೂ ಸುಟ್ಟು ಹೋಗ್ತಾರೆ." ಅಕ್ಕನ ಎದುರಿಗೆ ಇದನ್ನು ಹೇಳುವ ಎದೆ ಅವರಿಗೂ ಇರಲಿಲ್ಲ.

ನಾನು ತಡವಾಗಿ ತಿಳಿದುಕೊಂಡ ಒಂದು ವಿಷಯವನ್ನು ನೀವು ಈಗಲೇ ತಿಳಿದಿರುವುದು ಒಳ್ಳೆಯದು. ಪೆಡಲಿಗೆ ಮೇಲ್ತುದಿಯಲ್ಲಿ ಅರ್ಧ ಬೆರಳಿನಷ್ಟು ಸಡಿಲು ಇರಲೇಬೇಕು. ಕಾಲಿಟ್ಟು ಒತ್ತಿದಾಗ ಆ ಅರ್ಧ ಬೆರಳು ಸುಮ್ಮನೆ ಕೆಳಗಿಳಿಯಬೇಕು, ಆಮೇಲೆ ಬಿಗಿ ಸಿಗಬೇಕು. ಆ ಸಡಿಲಿಲ್ಲದೆ ಕಟ್ಟಿದರೆ ಕಾಲು ತೆಗೆದ ಮೇಲೂ ಒಳಗಡೆ ಕ್ಲಚ್ಚು ತುಸು ತುಳಿದೇ ಇರುತ್ತದೆ. ಕಾರು ತಣ್ಣಗಿದ್ದಾಗ ಏನೂ ಗೊತ್ತಾಗುವುದಿಲ್ಲ. ಬಿಸಿಯಾದಾಗ ಪೆಡಲಿನ ಒತ್ತನ್ನು ಕ್ಲಚ್ಚಿಗೆ ಮುಟ್ಟಿಸುವ ಕೊಳವೆಯ ಎಣ್ಣೆ ಹಿಗ್ಗುತ್ತದೆ, ಹಿಂದಕ್ಕೆ ಹೋಗಲು ದಾರಿ ಸಿಗದೆ ಕ್ಲಚ್ಚನ್ನು ತಾನೇ ತುಳಿಯುತ್ತದೆ. ತಟ್ಟೆಗಳು ಜಾರುತ್ತವೆ, ಉಜ್ಜುತ್ತವೆ, ಸುಡುತ್ತವೆ.

ಈ ಅರ್ಧ ಬೆರಳನ್ನು ಭಾವ ಅಳೆಯುತ್ತಿದ್ದದ್ದು ಬರಿಗಾಲಲ್ಲಿ. ಎಡಗಾಲಿನ ಬೂಟು ಬಿಚ್ಚಿ, ಕಾಲುಚೀಲ ಬಿಚ್ಚಿ, ಅಂಗಾಲನ್ನು ಬಿಳಿ ಬಟ್ಟೆಯಲ್ಲಿ ಒರೆಸಿ, ಸೀಟಿನಲ್ಲಿ ಕೂತು ಕಣ್ಣು ಮುಚ್ಚಿ ಪೆಡಲು ಒತ್ತುವರು. ಆ ಬಿಳಿ ಬಟ್ಟೆ ನನ್ನ ಶೆಡ್ಡಿನ ಅಸ್ತರಿನ ತುಂಡು, ವಾರಕ್ಕೆ ಎರಡು ನಾನೇ ಕತ್ತರಿಸಿ ಕೊಡುತ್ತಿದ್ದೆ. ಒತ್ತಿ, ಕೆಳಗೆ ಕೈ ಹಾಕಿ ಸಡಿಲನ್ನು ಹೆಚ್ಚುಕಮ್ಮಿ ಮಾಡುವ ನಟ್ಟು ತಿರುಗಿಸಿ, ಇನ್ನೊಮ್ಮೆ ಒತ್ತಿ. ಮೂರನೆಯ ಸಲಕ್ಕೆ "ಹಾಂ" ಎನ್ನುವರು. ಆ ಹಾಂ ಬಿದ್ದ ಮೇಲೆ ಕಾರು ಹೊರಟಿತೆಂದೇ ಲೆಕ್ಕ. ನನ್ನ ಕೊರಳಲ್ಲಿ ಯಾವಾಗಲೂ ನೇತಾಡುವ ಟೇಪನ್ನು ಒಮ್ಮೆ ತೋರಿಸಿ, "ಅಳೆದುಬಿಡಿ ಭಾವ, ಕಣ್ಣು ಯಾಕೆ ಮುಚ್ತೀರಾ" ಎಂದಿದ್ದೆ. "ಟೇಪು ಹೆಣಕ್ಕೆ ಅಂಗಿ ಹೊಲಿಯೋಕೂ ಆಗುತ್ತೆ ಕಣೋ, ಇದು ಜೀವ ಇರೋದು" ಎಂದು ನಕ್ಕರು. ಕಾಲಿಗೆ ಬುದ್ಧಿ ಹೇಳಿದ ಎಂದರೆ ಓಡಿಹೋದ ಎಂದರ್ಥ. ಭಾವನದು ಬುದ್ಧಿ ಹೇಳಿಸಿಕೊಳ್ಳುವ ಕಾಲಲ್ಲ, ಎಲ್ಲರಿಗೂ ಬುದ್ಧಿ ಹೇಳುವ ಕಾಲು.

ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಜನ್ಮದಲ್ಲಿ ಒಂದು ಸಿಹಿ ಮಾತಾಡದ ಮನುಷ್ಯನಿಗೆ ಸಕ್ಕರೆ ಎಲ್ಲಿಂದ ಬಂತು ಎಂದು ನಾನು ರೇಗಿಸುತ್ತಿದ್ದೆ. ಅಕ್ಕ ಮಾತ್ರೆ ಎಣಿಸಿ ಎಣಿಸಿ ಕೈಗೆ ಹಾಕುವಳು. ಅವರು ಅದನ್ನು ಜೇಬಿಗೆ ಹಾಕಿಕೊಂಡು ಬಂದು ಟೂಲ್ ಪೆಟ್ಟಿಗೆಯ ಡಬ್ಬಿಯಲ್ಲಿ ಸೇರಿಸುವರು. ಆ ಡಬ್ಬಿ ತುಂಬಿದ್ದನ್ನು ನಾನು ನೋಡಿದ್ದೆ, ನೋಡಿ ಸುಮ್ಮನಿದ್ದೆ. ನನ್ನ ಚುಚ್ಚುವ ಬಾಯಿ ಚುಚ್ಚಬೇಕಾದಾಗ ಎಲ್ಲಿಗೆ ಹೋಗುತ್ತದೋ ನನಗೆ ತಿಳಿಯದು.

ಒಂದು ಬೆಳಗ್ಗೆ ನಾನು ಸೀಟಿನ ಅಂಚಿಗೆ ಮೊಳೆ ಹೊಡೆಯುತ್ತಿದ್ದೆ. ಭಾವ ಒರೆಸುವ ಬಟ್ಟೆ ಕೇಳಲು ಎಡಗಾಲಿನ ಬೂಟು ಬಿಚ್ಚಿಕೊಂಡೇ ಒಳಗೆ ಬಂದರು. ಬಟ್ಟೆ ತೆಗೆದುಕೊಂಡು ಹೊರಟಾಗ ಸಿಮೆಂಟು ನೆಲದ ಮೇಲೆ ಟಕ್, ಟಕ್ ಎಂದು ಸದ್ದಾಯಿತು. "ಏನ್ ಭಾವ, ಅಕ್ಕನ ಹೀಲ್ಸ್ ಹಾಕ್ಕೊಂಡು ಬಂದಿದೀರಾ?" ಎಂದೆ. ಅವರಿಗೂ ಸದ್ದು ಕೇಳಿಸಿತ್ತು, ಎಲ್ಲಿಂದ ಎಂದು ಹಿಂದೆ ತಿರುಗಿ ನೋಡುತ್ತಿದ್ದರು. ಇನ್ನೊಂದು ಹೆಜ್ಜೆ ಇಟ್ಟರು. ಟಕ್.

ಸ್ಟೂಲಿನ ಮೇಲೆ ಕೂರಿಸಿ ಕಾಲೆತ್ತಿ ನೋಡಿದೆ. ನೆಲಕ್ಕೆ ಬಿದ್ದಿದ್ದ ನನ್ನ ಮೊಳೆ ಹಿಮ್ಮಡಿಯಲ್ಲಿ ತಲೆಯವರೆಗೂ ಇಳಿದಿತ್ತು. ಪಕ್ಕಡದಲ್ಲಿ ಹಿಡಿದು ಎಳೆದೆ. ಬಂತು, ಹಿಂದೆಯೇ ಒಂದಿಷ್ಟು ರಕ್ತ ಬಂತು. ಭಾವ ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡುತ್ತಿದ್ದರು.

"ಯಾವಾಗಿಂದ ಹೀಗೆ?" ಎಂದೆ.

"ಏನು ಯಾವಾಗಿಂದ? ಜೋಮು ಹಿಡಿದಿದೆ ಅಷ್ಟೇ."

"ಜೋಮು ಹಿಡಿದವರು ಇಷ್ಟು ದೂರ ನಡೀತಾರಾ ಭಾವ?"

ಅವರು ಬಟ್ಟೆಯನ್ನು ಕಾಲಿಗೆ ಸುತ್ತಿಕೊಂಡರು. ಬಾಗಿಲ ಹತ್ತಿರ ನಿಂತು, "ಅಕ್ಕನಿಗೆ ಹೇಳ್ಬೇಡ" ಎಂದರು. ಆಯ್ತು ಎಂದೆ. ಅಕ್ಕನ ತಮ್ಮನೋ, ಅಕ್ಕನ ಗಂಡನ ಚಮಚವೋ ಎಂದು ನನ್ನನ್ನು ನಾನೇ ಅಂದು ಕೇಳಿಕೊಳ್ಳಬೇಕಿತ್ತು.

ಆಮೇಲೆ ನಾನು ಕಳ್ಳನ ಹಾಗೆ ಅವರನ್ನು ಗಮನಿಸತೊಡಗಿದೆ. ತಂತಿ ಬ್ರಷ್ಷಿನಿಂದ ಅಂಗಾಲು ಉಜ್ಜಿಕೊಳ್ಳುತ್ತಿದ್ದರು. ಒಂದು ದಿನ ಎಡಗಾಲಿನ ಚಪ್ಪಲಿ ಗ್ಯಾರೇಜಿನ ಬಾಗಿಲಲ್ಲೇ ಕಳಚಿಬಿದ್ದಿತ್ತು, ಅವರು ಬಸ್ಸು ನಿಲ್ದಾಣದವರೆಗೆ ಹೋಗಿಬಿಟ್ಟಿದ್ದರು. ಕೆಲಸ ಮಾತ್ರ ನಡೆಯುತ್ತಿತ್ತು. ದಿನಾ ಬರುವ ಸಾಧಾರಣ ಕಾರುಗಳ ನಟ್ಟು ಎಷ್ಟು ಸುತ್ತು ತಿರುಗಬೇಕೆಂದು ಅವರ ಕೈಗೇ ಬಾಯಿಪಾಠವಾಗಿತ್ತು. ಬೂಟು ಬಿಚ್ಚುವರು, ಕಣ್ಣು ಮುಚ್ಚುವರು, ಕೈಯ ಲೆಕ್ಕದಲ್ಲಿ ತಿರುಗಿಸಿ ಹಾಂ ಎನ್ನುವರು. ನೋಡುವವರಿಗೆ ಎಲ್ಲ ಮೊದಲಿನಂತೆಯೇ ಇತ್ತು.

ಹೀಗೆ ಆರು ತಿಂಗಳು ದೂಡಿದ ಮೇಲೆ ಹಲ್ಲಿನ ಡಾಕ್ಟರಮ್ಮನ ಕಾರು ಬಂತು. ಕಡುಗೆಂಪು, ನೆಲಕ್ಕೆ ಅಂಟಿದಂತಿದ್ದ ಸ್ಪೋರ್ಟ್ಸ್ ಕಾರು. ಅದರಿಂದ ಇಳಿಯುವುದೆಂದರೆ ಚಾಪೆಯಿಂದ ಏಳುವಷ್ಟು ಕಷ್ಟ. ಆಯಮ್ಮ ಎಲ್ಲೋ ಹೋಗಿ ಎಂಜಿನ್ನಿನ ಬಲವನ್ನು ಒಂದೂವರೆ ಪಟ್ಟು ಮಾಡಿಸಿಕೊಂಡು ಬಂದಿದ್ದರು. ಹಳೆಯ ಕ್ಲಚ್ಚು ಆ ಬಲವನ್ನು ಹಿಡಿಯಲಾರದೆ ಜಾರುತ್ತಿತ್ತು. ಒಂದು ತಟ್ಟೆಯ ಜಾಗದಲ್ಲಿ ಎರಡು ತಟ್ಟೆ, ಬಿಗಿಯಾದ ಸ್ಪ್ರಿಂಗು, ದೊಡ್ಡ ಸಿಲಿಂಡರು, ಎಲ್ಲ ಹೊಸದು ಹಾಕಬೇಕಿತ್ತು. ಸಾಮಾನಿನ ಪೆಟ್ಟಿಗೆ ಡಾಕ್ಟರಮ್ಮನೇ ತರಿಸಿದ್ದರು.

ಗ್ಯಾರೇಜಿನ ಯಜಮಾನರು ಹಿಂದೆಮುಂದೆ ನೋಡಿದರು. "ಇಷ್ಟು ದೊಡ್ಡ ಗಾಡಿ ನಮ್ಮಲ್ಲಿ ಬೇಡ ಅನ್ಸುತ್ತೆ ಮೇಡಂ, ಕಂಪನಿಗೇ ಕೊಡಿ."

"ಅಲ್ಲಿ ಕಂಪ್ಯೂಟರ್ ಇದೆ, ಕಾಲಿಲ್ಲ" ಎಂದರು ಡಾಕ್ಟರಮ್ಮ. "ಇವರು ಹಾಂ ಅಂದ್ರೆ ನನಗೆ ಸಾಕು."

ಎಲ್ಲರೂ ಭಾವನ ಕಡೆ ನೋಡಿದರು. ಬೇಡವೆಂದರೆ ಯಾಕೆಂದು ಕೇಳುತ್ತಾರೆ. ಯಾಕೆಂದು ಹೇಳಿದರೆ ಮೂವತ್ತು ವರ್ಷದ ಹೆಸರು ಅಲ್ಲೇ ಮುಗಿಯುತ್ತದೆ. ಈ ಕಾರಿನ ಸಾಮಾನೆಲ್ಲ ಹೊಸದು, ನಟ್ಟಿನ ಸುತ್ತು ಕೈಗೆ ಗೊತ್ತಿಲ್ಲ, ಕಾಲೇ ಹೇಳಬೇಕು. ಭಾವ ಒಪ್ಪಿಕೊಂಡರು. ನಾನು ಅವರನ್ನು ನಲ್ಲಿಯ ಹತ್ತಿರ ಕರೆದು, "ಬೇಡ ಅಂದ್ಬಿಡಿ ಭಾವ, ಬೆನ್ನು ನೋವು ಅನ್ನಿ, ಏನಾದ್ರೂ ಅನ್ನಿ" ಎಂದು ಗೋಗರೆದೆ. "ಇದೊಂದು ಮಾಡ್ಬಿಡ್ತೀನಿ" ಎಂದರು. ಕುಡುಕನೂ ಹಾಗೆಯೇ ಹೇಳುವುದು, ಇದೊಂದು ಎಂದು.

ಮೂರು ದಿನ ಕೆಲಸ ನಡೆಯಿತು. ಇಷ್ಟು ಮುತುವರ್ಜಿಯಿಂದ ಅವರು ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ. ಗೇರುಪೆಟ್ಟಿಗೆ ಇಳಿಸಿ, ಹಳೆಯ ತಟ್ಟೆ ತೆಗೆದು, ಅದು ಕೂರುವ ಜಾಗವನ್ನು ಕನ್ನಡಿಯಾಗುವಂತೆ ಒರೆಸಿದರು. ಹೊಸ ತಟ್ಟೆಗಳನ್ನು ಅಂಚಿನಲ್ಲಿ ಹಿಡಿದೇ ಎತ್ತಿದರು. ಬೆರಳಿನ ಜಿಡ್ಡು ತಾಗಿದರೂ ಜಾರುತ್ತದಂತೆ. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ, ಮೂರು ಸುತ್ತು ಬಂದು ಬಿಗಿ ಮಾಡಿದರು. ಕೈ ಎಲ್ಲೂ ತಪ್ಪಲಿಲ್ಲ, ಕಣ್ಣು ಎಲ್ಲೂ ತಪ್ಪಲಿಲ್ಲ.

ಗುರುವಾರ ಮಧ್ಯಾಹ್ನ ಪೆಡಲಿನ ಸರದಿ ಬಂತು. ಮುಂದಿನ ಎರಡೂ ಸೀಟಿನ ಹೊಲಿಗೆ ಬಿಟ್ಟಿದ್ದನ್ನು ಸರಿಮಾಡಲು ಡಾಕ್ಟರಮ್ಮ ನನಗೂ ಹೇಳಿದ್ದರಿಂದ ನಾನು ಕಾರಿನ ಪಕ್ಕದಲ್ಲೇ ಇದ್ದೆ. ಭಾವ ಬೂಟು ಬಿಚ್ಚಿದರು, ಒರೆಸಿದರು, ಕಣ್ಣು ಮುಚ್ಚಿದರು. ಒತ್ತಿದರು. ನಟ್ಟು ತಿರುಗಿಸಿದರು. ಒತ್ತಿದರು. ಮೂರು ಸಲ ಆಯಿತು, ಆರು ಆಯಿತು, ಹತ್ತಾಯಿತು. ಹಾಂ ಬರಲಿಲ್ಲ. ಹಣೆಯ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿ ನಾನು ಹೊಸದಾಗಿ ಹೊಲಿದ ಸೀಟಿನ ಮೇಲೆ ಬೀಳುತ್ತಿತ್ತು.

"ಸೂಜಿ, ಬಾ ಇಲ್ಲಿ" ಎಂದರು. "ಬೂಟು ಬಿಚ್ಚು. ಒಂದ್ಸಲ ತುಳಿ."

ಮೂವತ್ತು ವರ್ಷದಲ್ಲಿ ಇನ್ನೊಬ್ಬರ ಕಾಲನ್ನು ಅವರು ಕೇಳಿದ್ದು ಅದೇ ಮೊದಲು. ಅವರ ಜಾಗದಲ್ಲಿ ಕೂತು ಮೆಲ್ಲಗೆ ಕಾಲಿಟ್ಟೆ.

"ಹೇಗಿದೆ? ಸಡಿಲು ಇದೆಯಾ?"

ಇಟ್ಟ ತಕ್ಷಣ ಪೆಡಲು ಎದುರೊತ್ತಿತು. ನನ್ನ ಕಸುಬಿನಲ್ಲಿ ಸಡಿಲು ಎಂದರೆ ಬೈಗುಳ. ಸಡಿಲಾಗಿ ಹೊಲಿದರೆ ಬಟ್ಟೆ ಸುಕ್ಕಾಗುತ್ತದೆ, ಗಿರಾಕಿ ಮುಖದ ಮೇಲೆ ಎಸೆಯುತ್ತಾನೆ. ಬಿಗಿಯಾಗಿ ಕೂತರೆ ಅದೇ ಸರಿ. ಭಾವನಿಗೆ ಒಳ್ಳೆಯ ಸುದ್ದಿ ಹೇಳುವ ಅವಸರ ನನಗೆ.

"ಸಡಿಲೇನೂ ಇಲ್ಲ ಭಾವ! ಮುಟ್ಟಿದ ತಕ್ಷಣ ಬಿಗಿ ಸಿಗುತ್ತೆ. ಸರಿಯಾಗಿದೆ, ಹೆದರ್ಬೇಡಿ. ಸರಿಯಾಗಿದೆ."

ಅವರು ನನ್ನ ಕಾಲನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತರು. ಆಮೇಲೆ ನನ್ನನ್ನು ಎಬ್ಬಿಸಿ ತಾವು ಕೂತು ಇನ್ನೊಮ್ಮೆ ಒತ್ತಿ, ಎಲ್ಲರಿಗೂ ಕೇಳಿಸುವಂತೆ "ಹಾಂ" ಎಂದರು. ಟೇಪು ಅಷ್ಟು ಹೊತ್ತೂ ನನ್ನ ಕೊರಳಲ್ಲೇ ನೇತಾಡುತ್ತಿತ್ತು.

ಡಾಕ್ಟರಮ್ಮ ಬಂದು ಅಂಗಳದಲ್ಲಿ ಎರಡು ಸುತ್ತು ಹೊಡೆದರು. ಕಾರು ತಣ್ಣಗಿತ್ತು. "ಪೆಡಲಿನ ತೂಕ ಜಾಸ್ತಿಯಾಗಿದೆ, ಆದ್ರೆ ಎಷ್ಟು ಚೆನ್ನಾಗಿ ಹಿಡಿಯುತ್ತೆ!" ಎಂದು ಭಾವನ ಕೈ ಕುಲುಕಿದರು. ಯಜಮಾನರು ಎಲ್ಲರಿಗೂ ಚಹಾ ತರಿಸಿದರು. ಭಾವ ಲೋಟ ಹಿಡಿದು ಒಂದು ಗುಟುಕೂ ಕುಡಿಯಲಿಲ್ಲ. ಸಂಕೋಚವೆಂದು ನಾನು ತಿಳಿದೆ.

ಭಾನುವಾರ ಡಾಕ್ಟರಮ್ಮ ತಮ್ಮ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಟ್ಟದ ರಸ್ತೆ ಹತ್ತಿದರು. ಮುಕ್ಕಾಲು ಗಂಟೆಯ ಏರು. ಒಂದು ತಿರುವಿನಲ್ಲಿ ಎಂಜಿನ್ನು ಬೊಬ್ಬಿರಿಯಿತು, ಕಾರು ಮುಂದಕ್ಕೆ ಹೋಗಲಿಲ್ಲ. ಸುಟ್ಟ ವಾಸನೆ, ಹೊಗೆ. ಕಾರು ಹಿಂದಕ್ಕೆ ಜಾರಿತು. ಹಿಂದೆ ಮರದ ದಿಮ್ಮಿ ತುಂಬಿದ ಲಾರಿ ಬರುತ್ತಿತ್ತು. ಇವರು ಬ್ರೇಕು ಹಾಕಿ, ಲಾರಿಯವನೂ ಹಾಕಿ, ನಡುವೆ ಉಳಿದದ್ದು ಒಂದು ಮೊಳವಂತೆ. ಯಾರಿಗೂ ಗಾಯವಾಗಲಿಲ್ಲ. ಮುದುಕಮ್ಮನನ್ನು ಸೀಟಿನಿಂದ ಇಳಿಸಲು ನಾಲ್ಕು ಜನ ಬೇಕಾಯಿತು. ನಾನು ಹೊಲಿದ ಸೀಟಿನ ಅಂಚನ್ನು ಹಿಡಿದ ಬೆರಳುಗಳು ಬಿಡಿಸಿಕೊಳ್ಳುತ್ತಿರಲಿಲ್ಲ.

ಸೋಮವಾರ ಕಾರನ್ನು ಇನ್ನೊಂದು ಗಾಡಿಯ ಬೆನ್ನ ಮೇಲೆ ಹೇರಿಕೊಂಡು ತಂದರು. ಭಾವ ಬಾಗಿಲು ತೆಗೆದು, ಮೊಣಕಾಲೂರಿ ಕೂತು, ಪೆಡಲನ್ನು ಅಂಗೈಯಲ್ಲಿ ಒತ್ತಿದರು. ಕಾಲಲ್ಲಿ ಅಲ್ಲ, ಅಂಗೈಯಲ್ಲಿ. ಒಂದೇ ಸಲ. ಎದ್ದು ಬಂದು ಯಜಮಾನರ ಮುಂದೆ ನಿಂತರು.

"ತಪ್ಪು ನಂದು. ಸಡಿಲು ಬಿಟ್ಟಿಲ್ಲ. ಕಾಲಿಗೆ ಗೊತ್ತಾಗ್ಲಿಲ್ಲ."

"ನಿನ್ನ ಕಾಲಿಗೆ ಗೊತ್ತಾಗ್ಲಿಲ್ಲ ಅಂದ್ರೆ ಏನಯ್ಯಾ ಅರ್ಥ?" ಎಂದರು ಯಜಮಾನರು.

ಡಾಕ್ಟರಮ್ಮನಿಗೆ ಅರ್ಥವಾಗಿತ್ತು. ಮರಗಟ್ಟಿಸುವುದೇ ಅವರ ಕಸುಬು. ಕೂಗಾಡುತ್ತಾರೆಂದು ನಾವೆಲ್ಲ ಕಾದಿದ್ದೆವು. ಆಯಮ್ಮ ಒಂದು ಸ್ಟೂಲು ಎಳೆದು ಭಾವನನ್ನು ಕೂರಿಸಿ, ಅವರ ಬೂಟನ್ನು ತಾವೇ ಬಿಚ್ಚಿದರು. "ಕಣ್ಣು ಮುಚ್ಚಿ" ಎಂದರು. ಚೀಲದಿಂದ ಪೆನ್ನು ತೆಗೆದು ಅಂಗಾಲಿಗೆ ಚುಚ್ಚಿದರು.

"ಇಲ್ಲಿ?"

ಭಾವ ಕಣ್ಣು ಮುಚ್ಚಿಕೊಂಡೇ ಇದ್ದರು. ಮೂವತ್ತು ವರ್ಷ ಹಾಗೆ ಕಣ್ಣು ಮುಚ್ಚಿದಾಗ ಎಲ್ಲರೂ ಉಸಿರು ಬಿಗಿಹಿಡಿದು ಒಂದು 'ಹಾಂ'ಗಾಗಿ ಕಾಯುತ್ತಿದ್ದೆವು. ಆಗಲೂ ಕಾದೆವು.

"ಇಲ್ಲಿ? ಹೆಬ್ಬೆರಳ ಹತ್ರ? ಈಗ?"

ಪೆನ್ನಿನ ನೀಲಿ ಚುಕ್ಕೆಗಳು ಅಂಗಾಲ ತುಂಬ ಆದವು. ಡಾಕ್ಟರಮ್ಮ ಪೆನ್ನು ಮುಚ್ಚಿಟ್ಟು, "ಚುಚ್ಚೋದು ಯಾವಾಗಲೋ ನಿಲ್ಲಿಸಿದೆ, ಕಣ್ಣು ಬಿಡಿ" ಎಂದರು. ಯಾರೋ ಮೂಗು ಸೊರಗುಟ್ಟಿಸಿದರು. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸರಿಯಾಗಿದೆ ಎಂದವನು ನಾನು. ಸರಿಯಾಗಿದೆ ಎಂದು ಎರಡು ಸಲ ಹೇಳಿದವನು ನಾನು. ಭಾವ ನನ್ನ ಹೆಸರೆತ್ತಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನಾನೂ ಬಾಯಿ ಬಿಡಲಿಲ್ಲ.

ಯಜಮಾನರು ಆಫೀಸಿನಲ್ಲಿ ಕೂತು ಮಾಡುವ ಕೆಲಸ ಕೊಡುತ್ತೇನೆಂದರು. ಭಾವ ಅಂದೇ ಹೊರಟರು. ಟೂಲ್ ಪೆಟ್ಟಿಗೆ ಬಿಟ್ಟರು, ಅಸ್ತರಿನ ಬಟ್ಟೆಯ ತುಂಡೊಂದನ್ನು ಜೇಬಿಗೆ ಹಾಕಿಕೊಂಡರು.

ಅಕ್ಕನಿಗೆ ತಿಳಿದದ್ದು ಇಷ್ಟೇ: ಯಾವುದೋ ಕ್ಲಚ್ಚು ಸುಟ್ಟಿತು, ಮಾತು ಬಂತು, ಗಂಡ ಕೆಲಸ ಬಿಟ್ಟರು. ಕಾಲಿನ ಸುದ್ದಿ ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವಳು ಮಾತ್ರ ನಾನು ಹೋದಾಗಲೆಲ್ಲ ಅದನ್ನೇ ಹಿಡಿದು ಕೂರುವಳು. "ಯಾರೋ ಏನೋ ತಪ್ಪು ಹೇಳಿದಾರೆ ಕಣೋ. ಇಲ್ಲಾಂದ್ರೆ ನಿಮ್ಮ ಭಾವನ ಕಾಲು ಸುಳ್ಳು ಹೇಳುತ್ತಾ? ಹೊಟ್ಟೆಕಿಚ್ಚಿನವರು ಯಾರು ಅಂತ ನಿನಗೆ ಗೊತ್ತಿರುತ್ತೆ, ಹೇಳು." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಕೊರಳ ಟೇಪು ಮುಟ್ಟಿಕೊಳ್ಳುತ್ತಿದ್ದೆ.

ಭಾವನಿಗೆ ಒಂದು ಪಾರ್ಕಿಂಗ್ ಕಟ್ಟಡದ ಗೂಡಿನಲ್ಲಿ ಕೆಲಸ ಸಿಕ್ಕಿತು. ಕಾರು ಬಂದರೆ ಗುಂಡಿ ಒತ್ತಬೇಕು, ಅಡ್ಡಗಂಬಿ ಏಳುತ್ತದೆ. ಎದುರಿಗೆ ಗಾಜು, ಪಕ್ಕದಲ್ಲಿ ಸಣ್ಣ ಫ್ಯಾನು, ಕುರ್ಚಿಯ ಕೆಳಗೆ ಕಾಲು ಚಾಚಲೂ ಜಾಗವಿಲ್ಲ. ಅಲ್ಲಿಗೆ ಬರುವುದು ಬಹುಪಾಲು ಎರಡೇ ಪೆಡಲಿನ ಹೊಸ ಕಾರುಗಳು, ಎಡಗಾಲಿಗೆ ಕೆಲಸವೇ ಇಲ್ಲದವು. ಭಾವ ಅದನ್ನು ನನಗೆ ತಮಾಷೆಯಂತೆ ಹೇಳಿದರು. "ನೋಡೋ, ಕಾಲಕ್ಕೆ ತಕ್ಕ ಹಾಗೆ ನನ್ನ ಕಾಲೂ ಇದೆ."

ಹತ್ತು ತಿಂಗಳು ನನ್ನ ಮಾತು ನನ್ನನ್ನೇ ತಿಂದಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋಗುವುದಿಲ್ಲ ಸ್ವಾಮಿ, ಅಲ್ಲೇ ಗಂಟಲಲ್ಲಿ ಕೂತಿರುತ್ತದೆ. ಸೀಟಿಗೆ ಬಟ್ಟೆ ಬಿಗಿಯುವಾಗಲೆಲ್ಲ 'ಸರಿಯಾಗಿದೆ' ಎಂದು ನನ್ನದೇ ದನಿ ಕೇಳುತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ ಗೂಡಿಗೆ ಹೋಗಿ ನಿಂತೆ.

"ಭಾವ, ಅವತ್ತು ತಪ್ಪು ನಿಮ್ಮದಲ್ಲ. ನಂದು. ನೀವು ಕೇಳಿದ್ರಿ, ನಾನು ಸರಿಯಾಗಿದೆ ಅಂದೆ. ನನಗೆ ಏನು ಗೊತ್ತಿತ್ತು ಸಡಿಲು ಬೇಕು ಅಂತ? ನಾನು ಹಾಳು ಬಾಯಿ ತೆಗೀದೇ ಇದ್ದಿದ್ರೆ..."

ಅವರು ಕೈಯೆತ್ತಿದರು. ಒಂದು ಕಾರು ಬಂತು, ಗುಂಡಿ ಒತ್ತಿದರು, ಅದು ಹೋಯಿತು.

"ನೀನು ಎರಡು ಮಾತು ಹೇಳಿದೆ ಕಣೋ" ಎಂದರು. "ಸಡಿಲೇನೂ ಇಲ್ಲ ಅಂದೆ. ಅದು ನಿನ್ನ ಕಾಲು ಹೇಳಿದ್ದು. ಸರಿಯಾಗಿದೆ ಅಂದೆ. ಅದು ನಿನ್ನ ಬಾಯಿ ಹೇಳಿದ್ದು. ನನಗೆ ಎರಡೂ ಕೇಳಿಸ್ತು."

ನನಗೆ ತಕ್ಷಣ ತಿಳಿಯಲಿಲ್ಲ. ತಿಳಿದಾಗ ಗೂಡಿನ ಗಾಜು ಹಿಡಿದುಕೊಂಡೆ.

"ಕೇಳಿಸ್ತಾ? ಮತ್ತೆ ನಟ್ಟು ಯಾಕೆ ತಿರುಗಿಸ್ಲಿಲ್ಲ?"

"ಎರಡು ಸುತ್ತು ಹಿಂದಕ್ಕೆ ತಿರುಗಿಸಿದ್ರೆ ಆಗ್ತಿತ್ತು. ಕೈ ನಟ್ಟಿನ ಮೇಲೇ ಇತ್ತು." ಅವರು ನನ್ನನ್ನು ನೋಡದೆ ಹೇಳುತ್ತಿದ್ದರು. "ನನ್ನ ಕಾಲು ಸಡಿಲು ಇದೆ ಅಂತಿತ್ತು. ಭಾರ ಬಿದ್ರೂ ಅದಕ್ಕೆ ಸಡಿಲು ಅಂತಲೇ ಅನ್ಸುತ್ತೆ, ಸತ್ತ ಕಾಲಲ್ವಾ. ನಿನ್ನ ಕಾಲು ಇಲ್ಲ ಅಂತು. ನಿನ್ನ ಮಾತು ನಂಬಿ ತಿರುಗಿಸಿದ್ರೆ, ಸೀಟು ಹೊಲಿಯೋನ ಕಾಲು ನನ್ನ ಕಾಲಿಗಿಂತ ವಾಸಿ ಅಂತ ಆಗ್ತಿತ್ತು. ಆಮೇಲೆ ನಾನ್ಯಾಕೆ? ಅದಕ್ಕೇ ಹಾಂ ಅಂದೆ. ಆ ಮುದುಕಮ್ಮ ಅದರಲ್ಲಿ ಕೂತ್ಕೋತಾರೆ ಅಂತ ಗೊತ್ತಿರಲಿಲ್ಲ. ಡಾಕ್ಟರಮ್ಮ ಕೂತ್ಕೋತಾರೆ ಅಂತ ಗೊತ್ತಿತ್ತು."

ನನ್ನ ತಲೆಯ ಮೇಲಿನ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ. ತಪ್ಪು ನನ್ನದೇ ಆಗಿದ್ದರೆ ಚೆನ್ನಾಗಿತ್ತು ಎಂದು ಆ ಗಳಿಗೆಯಲ್ಲಿ ಮನಸಾರೆ ಅನ್ನಿಸಿತು. ಹತ್ತು ತಿಂಗಳು ನನ್ನನ್ನು ಬೈದುಕೊಂಡದ್ದೇ ಎಷ್ಟೋ ನೆಮ್ಮದಿಯಾಗಿತ್ತು.

"ನಿನ್ನ ಹತ್ರ ಒಂದು ಕೇಳ್ತೀನಿ" ಎಂದರು ಭಾವ. "ನಿಮ್ಮಕ್ಕ ದಿನಾ ಯಾರು ತಪ್ಪು ಹೇಳಿದ್ದು ಅಂತ ಕೇಳ್ತಾಳೆ. ಆ ಕಾಲನ್ನ ಅವಳೊಬ್ಬಳೇ ಈಗ ನಂಬಿರೋದು. ನೀನು ಹೋಗಿ, ನಾನೇ ತಪ್ಪು ಹೇಳಿದೆ ಅಂದ್ಬಿಡು. ಸುಳ್ಳೇನಲ್ವಲ್ಲ. ಅರ್ಧ ನಿಜ."

ಅಕ್ಕನ ಮನೆಯ ಅಡುಗೆಕಟ್ಟೆಯ ಮುಂದೆ ನಿಂತು ನಾನು ಅರ್ಧ ನಿಜ ಹೇಳಿದೆ. ಭಾವ ನನ್ನನ್ನು ಕೇಳಿದರು, ನಾನು ಸರಿಯಾಗಿದೆ ಎಂದೆ, ನನ್ನ ಮಾತು ನಂಬಿ ಕೆಟ್ಟರು ಎಂದೆ. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ, ಸಂತೋಷ. "ನಾನು ಹೇಳ್ಲಿಲ್ವಾ? ಅವರ ಕಾಲು ಸುಳ್ಳು ಹೇಳಲ್ಲ ಅಂತ ನಾನು ಹೇಳ್ಲಿಲ್ವಾ?" ಎಂದು ಅಳುತ್ತಾ ನಕ್ಕಳು. ಸಿಟ್ಟು ಆಮೇಲೆ ಬಂತು. ಬಾಗಿಲು ತೋರಿಸಿ, "ಇನ್ನು ಈ ಹೊಸಲು ತುಳೀಬೇಡ" ಎಂದಳು. ಅದಾಗಿ ಎರಡು ವರ್ಷವಾಯಿತು.

ಹೋದ ವಾರ ಭಾವನನ್ನು ನೋಡಲು ಗೂಡಿಗೆ ಹೋಗಿದ್ದೆ. ಎಡಗಾಲಿನ ಬೂಟು ಬಿಚ್ಚಿಟ್ಟಿತ್ತು. ಅಸ್ತರಿನ ಬಟ್ಟೆ ಸುತ್ತಿದ್ದರು, ಅದೇ ಹಳೆಯ ತುಂಡು. ಬಿಚ್ಚಿ ನೋಡಿದೆ. ಅಂಗಾಲಿನ ಚರ್ಮ ಹಾಳೆಯ ಹಾಗೆ ಎದ್ದು ಬಂದಿತ್ತು, ಹೆಬ್ಬೆರಳ ಸುತ್ತ ಕಪ್ಪಾಗಿತ್ತು, ವಾಸನೆ ಶುರುವಾಗಿತ್ತು.

"ಬಿಸಿನೀರು" ಎಂದರು. "ದಿನಾ ಬೋಗುಣಿಯಲ್ಲಿ ನೀರು ತಂದು ಕಾಲಡಿ ಇಡ್ತಾಳೆ ನಿಮ್ಮಕ್ಕ. ಅವಳು ಕೈ ಅದ್ದಿ ನೋಡಲ್ಲ. ನನ್ನ ಕಾಲನ್ನೇ ಕೇಳ್ತಾಳೆ. ಸರಿಯಾಗಿದೆಯಾ ಅಂದ್ಲು. ಸರಿಯಾಗಿದೆ ಅಂದೆ."

"ಈ ಗಾಯ ಅವಳು ನೋಡಿಲ್ವಾ?"

"ಬೂಟು ಕಚ್ಚಿದೆ ಅಂದಿದೀನಿ. ಅಕ್ಕನಿಗೆ ಹೇಳ್ಬೇಡ."

ಆಸ್ಪತ್ರೆಗೆ ಬನ್ನಿ ಎಂದೆ, ಕಾಲು ಹಿಡಿದು ಎಳೆದೆ, ಅತ್ತೆ. ಆಸ್ಪತ್ರೆಗೆ ಹೋದರೆ ಅವಳಿಗೆ ತಿಳಿಯುತ್ತದೆ ಎಂದರು. ಒಂದು ಕಾರು ಬಂದು ಹಾರ್ನ್ ಹೊಡೆಯಿತು, ಅವರು ಗುಂಡಿ ಒತ್ತಿದರು. ಅಲ್ಲಿಂದ ನೇರ ಅಕ್ಕನ ಮನೆಗೆ ಹೋಗಿ ಬಾಗಿಲು ಬಡಿದೆ. ನನ್ನ ದನಿ ಕೇಳಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಅವರ ಕಾಲು ಸತ್ತಿದೆ ಅಕ್ಕಾ, ಅದನ್ನು ಕೇಳಬೇಡ, ನೀರಿಗೆ ನಿನ್ನ ಕೈ ಹಾಕು ಎಂದು ಬಾಗಿಲಿಗೆ ಬಾಯಿಟ್ಟು ಕೂಗಿದೆ. "ಮೊದಲು ಅವರ ಕೆಲಸ ತಿಂದೆ, ಈಗ ಕಾಲಿಗೂ ಕೆಟ್ಟ ಹೆಸರು ತರ್ತೀಯಾ?" ಎಂದಳು. ಅದೇ ಸಂಜೆ ಮೊದಲ ಕಾಗದ ಬರೆದೆ, ಮರುದಿನ ಎರಡನೆಯದು.

ಅವಳು ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ ಎಂದು ಮೊದಲಿಗೆ ಹೇಳಿದೆನಲ್ಲ, ಅದು ಸುಳ್ಳು. ಪೇಪರಿನಲ್ಲಿ ಬಂದದ್ದನ್ನು ಅವಳು ಬಿಡದೆ ಓದುತ್ತಾಳೆ. ನನ್ನ ಹೆಸರು ಹಾಕಬೇಡಿ ಎಂದು ಪೇಪರಿನವರನ್ನು ಕೇಳಿಕೊಂಡಿದ್ದೇನೆ.